ದರಕು ಎಳೆಯುವ ಯಂತ್ರ: ಕೊಳ್ಳುವ ಮೊದಲು ನಮ್ಮ ನೆಲದಲ್ಲಿ ಓಡಿಸಿ ನೋಡೋಣ

ಮಾನ್ಯ ಸಂಪಾದಕರಿಗೆ,

ಟ್ರ್ಯಾಕ್ಟರಿನ ಹಿಂದೆ ಜೋಡಿಸಿ, ಅದರ ಪಿಟಿಒ (ಎಂಜಿನ್ನಿನ ಬಲವನ್ನು ಬೇರೆ ಯಂತ್ರಕ್ಕೆ ಕೊಡುವ ಹಿಂದಿನ ತಿರುಗು ಶಾಫ್ಟು) ಬಲದಿಂದ ಫ್ಯಾನು ತಿರುಗಿಸಿ, ದಪ್ಪ ಪೈಪಿನ ಮೂಲಕ ನೆಲದ ಮೇಲಿನ ತರಗೆಲೆಯನ್ನು, ಅಂದರೆ ನಾವು ದರಕು ಎನ್ನುವುದನ್ನು, ಎಳೆದು ಟ್ರಾಲಿಗೆ ತುಂಬುವ ಯಂತ್ರದ ಮಾತು ಈಚೆಗೆ ನಮ್ಮ ಭಾಗದ ಅಡಿಕೆ ಬೆಳೆಗಾರರ ನಡುವೆ ಮತ್ತೆ ಮತ್ತೆ ಬರುತ್ತಿದೆ. ಸೊಸೈಟಿಯ ಜಗುಲಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದರ ವಿಡಿಯೊಗಳು ಕೈಯಿಂದ ಕೈಗೆ ಹೋಗುತ್ತಿವೆ. ಆ ವಿಡಿಯೊಗಳಲ್ಲಿ ಕಾಣುವುದು ಬಹುತೇಕ ಪರದೇಶದ ಸಮತಟ್ಟಾದ ಹುಲ್ಲುಹಾಸು, ಒಣಗಿದ ಹಗುರ ಎಲೆ, ಅಗಲವಾದ ದಾರಿ. ಸಿದ್ದಾಪುರ, ಶಿರಸಿ, ಯಲ್ಲಾಪುರ, ಸಾಗರ, ಹೊಸನಗರ ತಾಲ್ಲೂಕುಗಳ ನಮ್ಮ ಜಾಗ ಹಾಗಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದರೂ, ಯಂತ್ರ ಕೊಳ್ಳುವ ಹೊತ್ತಿಗೆ ಅದು ಮರೆತುಹೋಗುತ್ತದೆ. ಕಳೆದ ಬೇಸಿಗೆಯಲ್ಲಿ ಇಂಥ ಒಂದು ಯಂತ್ರವನ್ನು ನಾಲ್ಕು ದಿನ ನಮ್ಮ ಮನೆಯ ಸುತ್ತ ಓಡಿಸಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಆ ಅನುಭವದ ಮೇಲೆ ಎರಡು ವಿಷಯ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಇಂಥ ಯಂತ್ರವನ್ನು ಆರಿಸುವಾಗ ನಾವು ಏನೇನು ನೋಡಬೇಕು ಎಂಬುದು ಒಂದು. ಇದನ್ನು ಮನೆಮನೆಗೆ ಮಾರುವ ಮುನ್ನ ನಮ್ಮ ನೆಲದಲ್ಲೇ ಪರೀಕ್ಷಿಸಿ, ಬಾಡಿಗೆಗೆ ಸಿಗುವಂತೆ ಮಾಡಬೇಕು ಎಂಬುದು ಇನ್ನೊಂದು.

ದರಕು ನಮಗೆ ಕಸವಲ್ಲ. ಪಟ್ಟಣದವರು ಎಲೆಯನ್ನು ತೆಗೆಯುವುದು ಅಂಗಳ ಚೊಕ್ಕಟವಾಗಲಿ ಎಂದು. ನಾವು ತೆಗೆಯುವುದು ಕೊಟ್ಟಿಗೆಗೆ ಹಾಸಲು, ಗೊಬ್ಬರದ ಗುಂಡಿಗೆ ತುಂಬಲು, ಅಡಿಕೆ ಮರದ ಬುಡಕ್ಕೆ ಮುಚ್ಚಿಗೆ ಹೊದೆಸಲು. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯಂತೆ ಬೆಟ್ಟದ ಸವಲತ್ತು (ಕಾಡಿನ ಜಾಗದಿಂದ ಸೊಪ್ಪು, ದರಕು ತಂದುಕೊಳ್ಳುವ ಹಕ್ಕು) ಬ್ರಿಟಿಷರ ಕಾಲದಿಂದ ನಡೆದುಬಂದಿರುವುದು ಈ ಸೊಪ್ಪು, ಈ ದರಕು ಇಲ್ಲದೆ ತೋಟ ಉಳಿಯುವುದಿಲ್ಲ ಎಂಬ ಕಾರಣಕ್ಕೇ. ನಮ್ಮ ಅಜ್ಜಿಯ ಕಾಲದಲ್ಲಿ ಪುಷ್ಯ ಮಾಸ ಕಳೆಯುತ್ತಿದ್ದಂತೆ ಹತ್ತು ಹನ್ನೆರಡು ಜನ ಬೆಳಗಿನ ಇಬ್ಬನಿ ಆರುವ ಹೊತ್ತಿಗೆ ಬೆಟ್ಟಕ್ಕೆ ಹೋಗಿ, ಗುಡಿಸಿ ರಾಶಿ ಮಾಡಿ, ಹಗ್ಗದಲ್ಲಿ ಹೆಣೆದ ಕಲ್ಲಿಯಲ್ಲಿ ತುಳಿದು ತುಂಬಿ ತಲೆಯ ಮೇಲೆ ಹೊತ್ತು ತರುತ್ತಿದ್ದರು. ಈಗ ಆ ಕೆಲಸಕ್ಕೆ ಜನ ಬರುವುದಿಲ್ಲ. ಬರುವ ಇಬ್ಬರು ಮೂವರೂ ಅಡಿಕೆ ಸುಲಿಯುವ ಕೆಲಸ ಮುಗಿಯುವ ತನಕ ಬಿಡುವಾಗುವುದಿಲ್ಲ. ಅಷ್ಟರಲ್ಲಿ ಮೊದಲ ಮಳೆ ಬಿದ್ದು ದರಕು ನೆಲಕ್ಕೆ ಅಂಟಿಕೊಂಡಿರುತ್ತದೆ.

ಯಂತ್ರದ ಮೇಲೆ ನಮ್ಮ ಕಣ್ಣು ಹೋಗಲು ಇನ್ನೂ ಒಂದು ಕಾರಣವಿದೆ. ಅದನ್ನು ಹೇಳದೆ ಈ ವಿಷಯ ಪೂರ್ಣವಾಗುವುದಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ನಮ್ಮ ಸೀಮೆಯನ್ನು ಇನ್ನೂ ಬಿಟ್ಟುಹೋಗಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಎಷ್ಟು ಮನೆಗಳ ದೀಪ ಆರಿಸಿತು ಎಂಬುದು ಇಲ್ಲಿಯವರ ನೆನಪಿನಲ್ಲಿ ಹಸಿಯಾಗಿಯೇ ಇದೆ. ಕಾಯಿಲೆ ಹರಡುವ ಉಣುಗು ಚುರುಕಾಗಿರುವುದು ಡಿಸೆಂಬರಿನಿಂದ ಮೇ ತನಕದ ಒಣ ತಿಂಗಳುಗಳಲ್ಲಿ. ದರಕು ಗುಡಿಸುವ ಕಾಲವೂ ಅದೇ. ಆರೋಗ್ಯ ಇಲಾಖೆಯವರು ಪ್ರತಿ ವರ್ಷ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಟ್ಟು, ಕಾಡಿನ ತರಗೆಲೆ ತಂದು ಮನೆಯ ಹತ್ತಿರ ರಾಶಿ ಹಾಕಬೇಡಿ, ಮಂಗ ಸತ್ತ ಜಾಗದ ಕಡೆ ಹೋಗಬೇಡಿ ಎಂದು ಹೇಳುತ್ತಲೇ ಇದ್ದಾರೆ. ಕೈಯಲ್ಲಿ ಗುಡಿಸಿ, ತಬ್ಬಿ ತುಂಬಿ, ತಲೆಯ ಮೇಲೆ ಹೊರುವ ಕೆಲಸವನ್ನು ಪೈಪೊಂದು ಮಾಡಿದರೆ ಮೈಗೆ ಉಣುಗು ಹತ್ತುವುದು ಕಡಿಮೆಯಾಗಬಹುದು ಎಂದು ನಾವು ಆಸೆಪಡುವುದು ಸಹಜ. ಆದರೆ ಪೈಪು ಹಿಡಿದವನು ಅದೇ ದರಕಿನ ಮೇಲೆ ನಿಂತಿರುತ್ತಾನೆ, ತುಂಬಿದ ರಾಶಿ ಕೊನೆಗೆ ಅದೇ ಕೊಟ್ಟಿಗೆಗೆ ಬರುತ್ತದೆ. ಹಾಗಾಗಿ ಯಂತ್ರ ಬಂದಿತೆಂದು ಎಣ್ಣೆ ಹಚ್ಚುವುದನ್ನು, ಮೈಮುಚ್ಚುವ ಬಟ್ಟೆಯನ್ನು, ಕೆಲಸ ಮುಗಿದ ಮೇಲೆ ಬಿಸಿನೀರಿನ ಸ್ನಾನವನ್ನು ಬಿಡುವಂತಿಲ್ಲ. ಮಂಗ ಸತ್ತ ಸುದ್ದಿಯಿರುವ ಕಡೆ ಯಂತ್ರವನ್ನಾಗಲಿ ಮನುಷ್ಯರನ್ನಾಗಲಿ ಇಳಿಸಲೇಬಾರದು.

ಈಗ ಯಂತ್ರದ ವಿಷಯಕ್ಕೆ ಬರುತ್ತೇನೆ. ನಾನು ಕಂಡಂತೆ ಇವುಗಳಲ್ಲಿ ಎರಡು ಬಗೆ. ಒಂದರಲ್ಲಿ ಫ್ಯಾನು, ಪೈಪು, ಎಲೆ ತುಂಬುವ ಪೆಟ್ಟಿಗೆ ಎಲ್ಲವೂ ಗಾಲಿಯ ಮೇಲೆ ಒಟ್ಟಿಗೇ ಇರುತ್ತವೆ. ಇಡೀ ಗಾಡಿಯನ್ನು ಟ್ರ್ಯಾಕ್ಟರು ಎಳೆದುಕೊಂಡು ಹೋಗುತ್ತದೆ. ಇನ್ನೊಂದರಲ್ಲಿ ಫ್ಯಾನಿನ ಭಾಗ ಮಾತ್ರ ಟ್ರ್ಯಾಕ್ಟರಿನ ಹಿಂದೆ ಉಪಕರಣ ಎತ್ತಿ ಹಿಡಿಯುವ ತ್ರೀ ಪಾಯಿಂಟ್ ಜೋಡಣೆಯ ಮೇಲೆ ಕೂರುತ್ತದೆ. ಎಲೆ ಹೋಗಿ ಬೀಳುವುದು ನಮ್ಮದೇ ಟ್ರಾಲಿಗೆ. ಮೊದಲನೆಯದು ನೋಡಲು ಅಚ್ಚುಕಟ್ಟು, ಬೆಲೆಯೂ ಹೆಚ್ಚು. ಆದರೆ ನಮ್ಮ ಮನೆಗಳ ದಾರಿಯ ತಿರುವು, ಏರು, ಧರೆಯ ಅಂಚು ನೋಡಿದರೆ ಎತ್ತರದ ಪೆಟ್ಟಿಗೆ ತುಂಬಿಕೊಂಡ ಗಾಡಿ ಪಕ್ಕಕ್ಕೆ ವಾಲುವ ಭಯ ಇದ್ದೇ ಇದೆ. ಮನೆಯಲ್ಲಿ ಟ್ರಾಲಿ ಇರುವವರಿಗೆ ಎರಡನೆಯ ಬಗೆಯೇ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ನೋಡಬೇಕಾದದ್ದು ತೂಕ. ನಮ್ಮಲ್ಲಿ ಹೆಚ್ಚಾಗಿ ಇರುವ 24 ಅಶ್ವಶಕ್ತಿ ಆಸುಪಾಸಿನ ಸಣ್ಣ ಟ್ರ್ಯಾಕ್ಟರುಗಳ ಎತ್ತುವ ಸಾಮರ್ಥ್ಯ ಸಾಮಾನ್ಯವಾಗಿ 750 ಕೆ.ಜಿ. ಎಂದು ಬರೆದಿರುತ್ತದೆ. ಆ ಲೆಕ್ಕ ಕೊಂಡಿಯ ತುದಿಯಲ್ಲಿ ಹೇಳಿದ್ದು. ಭಾರ ಹಿಂದಕ್ಕೆ ಚಾಚಿದಷ್ಟೂ ಮುಂದಿನ ಗಾಲಿ ಹಗುರಾಗುತ್ತದೆ, ಏರಿನಲ್ಲಿ ಸ್ಟಿಯರಿಂಗು ಮಾತು ಕೇಳುವುದಿಲ್ಲ. ಟ್ರಾಲಿಯನ್ನೂ ಅದರ ಹಿಂದೆ ಕಟ್ಟಬೇಕಾದರೆ ಕೊಂಡಿ ಯಾವುದು, ಪಿಟಿಒ ಶಾಫ್ಟಿಗೆ ಜಾಗ ಎಷ್ಟು ಎಂಬುದನ್ನು ಟ್ರ್ಯಾಕ್ಟರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಅಳೆದು ನೋಡಬೇಕು, ಕ್ಯಾಟಲಾಗಿನ ಚಿತ್ರ ನೋಡಿ ಒಪ್ಪಿಕೊಳ್ಳಬಾರದು.

ಶಕ್ತಿಯ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಟ್ರ್ಯಾಕ್ಟರಿನ ಮೇಲೆ ಬರೆದಿರುವುದು ಎಂಜಿನ್ನಿನ ಅಶ್ವಶಕ್ತಿ. ಪಿಟಿಒ ತುದಿಯಲ್ಲಿ ಸಿಗುವುದು ಅದರ ಸುಮಾರು ಶೇ 85ರಷ್ಟು. ಎಂದರೆ 24 ಅಶ್ವಶಕ್ತಿಯ ಟ್ರ್ಯಾಕ್ಟರಿನಿಂದ ಫ್ಯಾನಿಗೆ ದೊರೆಯುವುದು 20ರ ಆಸುಪಾಸು. ಯಂತ್ರಕ್ಕೆ ಬೇಕಾದ ಶಕ್ತಿ 20 ಎಂದು ಬರೆದಿದ್ದರೆ ಅದು ಪಿಟಿಒ ಶಕ್ತಿಯೋ ಎಂಜಿನ್ ಶಕ್ತಿಯೋ ಎಂದು ಕೇಳಿ ಬರೆಸಿಕೊಳ್ಳಬೇಕು. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುವುದು ಎಂಜಿನ್ನು ಗೊತ್ತಾದ ವೇಗದಲ್ಲಿ ಓಡಿದಾಗ ಮಾತ್ರ. ಡೀಸೆಲು ಉಳಿಯಲಿ ಎಂದು ಆಕ್ಸಿಲರೇಟರ್ ಇಳಿಸಿದರೆ ಫ್ಯಾನಿನ ಸೆಳೆತ ಇಳಿಯುತ್ತದೆ, ಎಲೆ ಅರ್ಧ ದಾರಿಯಲ್ಲಿ ನಿಂತು ಪೈಪು ಕಟ್ಟಿಕೊಳ್ಳುತ್ತದೆ. ನಾವು ಮೊದಲ ದಿನ ಮಾಡಿದ ತಪ್ಪು ಇದೇ.

ಪೈಪಿನ ಅಳತೆ ಇನ್ನೂ ಮುಖ್ಯ. 6 ಅಂಗುಲ, 8 ಅಂಗುಲ ಎಂದು ಕೇಳಿದಾಗ ಎರಡೇ ಅಂಗುಲದ ವ್ಯತ್ಯಾಸ ಎನ್ನಿಸುತ್ತದೆ. ಬಾಯಿಯ ವಿಸ್ತಾರ ಲೆಕ್ಕ ಹಾಕಿದರೆ 6 ಅಂಗುಲದ ಪೈಪಿಗೆ 28 ಚದರ ಅಂಗುಲ, 8 ಅಂಗುಲದ್ದಕ್ಕೆ 50. ಹತ್ತಿರ ಹತ್ತಿರ ಎರಡರಷ್ಟು. ಹಾಗೆಂದು ಪೈಪು ದಪ್ಪವಾದಷ್ಟೂ ಒಳ್ಳೆಯದು ಎಂದೂ ಅಲ್ಲ. ಫ್ಯಾನು ಚಿಕ್ಕದಾಗಿದ್ದು ಪೈಪು ದೊಡ್ಡದಾದರೆ ಒಳಗಿನ ಗಾಳಿಯ ವೇಗ ತಗ್ಗಿ ಎಲೆ ಮೇಲೇಳುವುದಿಲ್ಲ. ಎರಡೂ ಹೊಂದಬೇಕು, ಅದು ಹೊಂದಿದೆಯೋ ಇಲ್ಲವೋ ಎಂಬುದನ್ನು ಹೇಳುವುದು ನಮ್ಮ ಎಲೆ ಮಾತ್ರ.

ಎಲೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಮಾರುವವರು ಇದನ್ನು ಕೇಳುವುದೇ ಇಲ್ಲ. ಅಕೇಶಿಯಾದ ಎಲೆ ಉದ್ದ, ನುಣುಪು, ಮುದುಡಿ ಒಣಗಿರುತ್ತದೆ. ಪೈಪಿನ ಬಾಯಿ ಹತ್ತಿರ ಹಿಡಿದರೆ ಸರಸರನೆ ನೀರಿನಂತೆ ಹರಿದುಹೋಗುತ್ತದೆ. ಮತ್ತಿ, ಹೊನ್ನೆ, ನಂದಿಯ ಎಲೆಯೂ ಒಣಗಿದ್ದರೆ ತೊಂದರೆ ಕೊಡುವುದಿಲ್ಲ. ಸಾಗುವಾನಿಯ ಎಲೆ ಮುತ್ತುಗದ ಎಲೆಗಿಂತ ದೊಡ್ಡದು, ತಟ್ಟೆಯಂತೆ ಚಪ್ಪಟೆ. ಅದು ಪೈಪಿನ ಬಾಯಿಗೆ ಅಡ್ಡಲಾಗಿ ಬಂದು ಮುಚ್ಚಳದ ಹಾಗೆ ಕೂತುಬಿಡುತ್ತದೆ, ಪೈಪು ಹಿಡಿದವನು ಪ್ರತಿ ಸಲವೂ ಬಾಯಿ ಎತ್ತಿ ಕೊಡವಬೇಕು. ಹಲಸಿನ ಎಲೆ ತೊಗಲಿನಂತೆ ಗಟ್ಟಿ, ಗೇರಿನ ಎಲೆಯೂ ಹಾಗೆಯೇ. ಇವು ಫ್ಯಾನಿನ ಅಲಗಿಗೆ ಸಿಕ್ಕರೂ ಪುಡಿಯಾಗದೆ ತುಂಡಾಗಿ ಮಾತ್ರ ಹೊರಬರುತ್ತವೆ. ಇನ್ನು ಅಡಿಕೆಯ ಹಾಳೆ, ಸೋಗೆ, ತೆಂಗಿನ ಗರಿ ಇವುಗಳನ್ನು ಮೊದಲೇ ಕೈಯಲ್ಲಿ ಹೆಕ್ಕಿ ಬದಿಗಿಡದೆ ಯಂತ್ರವನ್ನು ಚಾಲೂ ಮಾಡಲೇಬಾರದು. ಬೆಳಗಿನ ಇಬ್ಬನಿ ಹೀರಿದ ದರಕನ್ನು ಎಂಟು ಗಂಟೆಗೆ ಎಳೆಯಲು ಹೋಗಿ ಹತ್ತು ನಿಮಿಷಕ್ಕೊಮ್ಮೆ ಪೈಪು ಬಿಚ್ಚಿದೆವು. ಅದೇ ಜಾಗದಲ್ಲಿ ಹನ್ನೊಂದು ಗಂಟೆಯ ಬಿಸಿಲಿಗೆ ಒಮ್ಮೆಯೂ ಬಿಚ್ಚಬೇಕಾಗಲಿಲ್ಲ. ಯಂತ್ರವನ್ನು ತೋರಿಸಲು ಬರುವವರು ಮಧ್ಯಾಹ್ನವೇ ಬರುತ್ತಾರೆ ಎಂಬುದನ್ನು ನೆನಪಿಡುವುದು ಒಳ್ಳೆಯದು.

ಎರಡನೆಯ ದಿನ ನಡೆದ ಒಂದು ಸಂಗತಿಯನ್ನು ಹೇಳಬೇಕು. ನಮ್ಮದು ಜಂಬಿಟ್ಟಿಗೆಯ ನೆಲ. ಮೇಲೆ ದರಕು ಮುಚ್ಚಿದ್ದರೂ ಅಡಿಯಲ್ಲಿ ಕಡಲೆಯಿಂದ ನಿಂಬೆಹಣ್ಣಿನ ಗಾತ್ರದವರೆಗೆ ಕಲ್ಲು ಇದ್ದೇ ಇರುತ್ತದೆ. ಗೇರುಗಿಡದ ಬುಡದಲ್ಲಿ ಪೈಪು ಹಿಡಿದಿದ್ದ ಹುಡುಗ ಬಾಯಿಯನ್ನು ನೆಲಕ್ಕೆ ಒತ್ತಿದಾಗ ಒಳಗೆ ಕಟಕಟ ಎಂದು ಸದ್ದಾಗಿ ಫ್ಯಾನು ನಿಂತಿತು. ಶಾಫ್ಟಿನ ಶಿಯರ್ ಬೋಲ್ಟು ತುಂಡಾಗಿತ್ತು. ಅದು ತುಂಡಾಗಬೇಕಾದದ್ದೇ, ಫ್ಯಾನು, ಗೇರ್ ಬಾಕ್ಸ್ ಉಳಿಯಲಿ ಎಂದೇ ಅಲ್ಲಿ ಮೆದು ಬೋಲ್ಟು ಹಾಕಿರುತ್ತಾರೆ. ಯಂತ್ರ ತಂದುಕೊಟ್ಟ ಮಾರಾಟಗಾರರ ಕಡೆಯ ಮೆಕ್ಯಾನಿಕ್ ಬಂದು, ಮತ್ತೆ ಮತ್ತೆ ತುಂಡಾಗುವುದು ಬೇಡ ಎಂದು ಗಟ್ಟಿ ಬೋಲ್ಟು ಹಾಕಿಕೊಟ್ಟು ಹೋದರು. ನಾನೂ ಸುಮ್ಮನಿದ್ದೆ. ಅರ್ಧ ದಿನ ಕಳೆಯುವಷ್ಟರಲ್ಲಿ ಇನ್ನೊಂದು ಕಲ್ಲು ಒಳಗೆ ಹೋಯಿತು. ಈ ಸಲ ಬೋಲ್ಟು ನಿಂತಿತು, ಫ್ಯಾನಿನ ಒಂದು ಅಲಗು ಬಾಗಿ ಕವಚಕ್ಕೆ ಉಜ್ಜತೊಡಗಿತು. ಟ್ರ್ಯಾಕ್ಟರಿನ ಸೀಟಿನ ತನಕ ನಡುಕ ಬರುತ್ತಿತ್ತು. ಕವಚ ಬಿಚ್ಚಿ ನೋಡಿದಾಗ ಒಳಗಿನ ತಗಡಿನಲ್ಲಿ ಉಗುರಿನಿಂದ ಗೀರಿದ ಹಾಗೆ ಸುತ್ತಲೂ ಗೆರೆ ಬಿದ್ದಿತ್ತು; ಒಂದು ಕಡೆ ಬೆಳಕು ಕಾಣುವಷ್ಟು ಸವೆದಿತ್ತು.

ಆದ್ದರಿಂದ ಕೊಳ್ಳುವವರು ಕೇಳಬೇಕಾದದ್ದು ಇಷ್ಟು. ಫ್ಯಾನಿನ ಅಲಗು ಎಷ್ಟು ದಪ್ಪದ ಉಕ್ಕು, ಅವು ಒಂದೊಂದಾಗಿ ಬಿಚ್ಚಿ ಹಾಕಲು ಬರುತ್ತವೆಯೇ, ಕವಚದ ಒಳಗೆ ಸವೆದಾಗ ಬದಲಿಸುವಂಥ ಪ್ರತ್ಯೇಕ ತಗಡು ಇದೆಯೇ, ಶಿಯರ್ ಬೋಲ್ಟು ಯಾವ ದರ್ಜೆಯದು, ಅದು ಶಿರಸಿಯಲ್ಲೋ ಸಾಗರದಲ್ಲೋ ಸಿಗುತ್ತದೆಯೇ. ಫ್ಯಾನಿಗೆ ವೇಗ ಹೆಚ್ಚಿಸಿಕೊಡುವುದು ಬೆಲ್ಟೋ ಗೇರೋ ಎಂದೂ ನೋಡಬೇಕು. ಕಲ್ಲು ಸಿಕ್ಕಾಗ ಬೆಲ್ಟು ಜಾರಿ ಹೊಡೆತವನ್ನು ತಾನು ತಿನ್ನುತ್ತದೆ, ಗೇರು ತಿನ್ನುವುದಿಲ್ಲ. ಬೆಲ್ಟು ಸವೆಯುವುದು ನಿಜ, ಆದರೆ ಅದು ನಮ್ಮೂರ ಪೇಟೆಯಲ್ಲಿ ಸಿಗುವ ವಸ್ತು. ನಮ್ಮ ನೆಲಕ್ಕೆ ಬೆಲ್ಟಿನದೇ ಸರಿ ಎಂದು ನನಗೆ ತೋರುತ್ತದೆ. ಪೈಪಿನ ಬಾಯಿಗೆ ಎರಡು ಸಣ್ಣ ಗಾಲಿ ಅಥವಾ ಒಂದು ಕಬ್ಬಿಣದ ಬಳೆ ಹಾಕಿ ಅದು ನೆಲದಿಂದ ಎರಡು ಮೂರು ಅಂಗುಲ ಮೇಲೇ ಇರುವಂತೆ ಮಾಡಿದರೆ ಕಲ್ಲು ಬರುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಮೂರನೆಯ ದಿನ ನಾವು ಹಳೆಯ ಸೈಕಲ್ ಬುಟ್ಟಿಯ ಸರಳು ಬಗ್ಗಿಸಿ ಕಟ್ಟಿಕೊಂಡೆವು, ಅದು ಸಾಕಾಯಿತು. ಜೊತೆಗೆ ಪೈಪು ಪಾರದರ್ಶಕವಾಗಿದ್ದರೆ ಎಲ್ಲಿ ಕಟ್ಟಿಕೊಂಡಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ಮರಳು ಉಜ್ಜಿ ಮೊದಲು ತೂತು ಬೀಳುವುದು ಪೈಪಿನ ಬಾಗಿನಲ್ಲಿ, ಹಾಗಾಗಿ ಆ ಭಾಗವನ್ನು ಮಾತ್ರ ಬದಲಿಸಲು ಬರುವಂತಿರಬೇಕು.

ಟ್ರಾಲಿಗೆ ಮುಚ್ಚಿಗೆ ಹಾಕುವ ವಿಷಯವೂ ಚಿಕ್ಕದಲ್ಲ. ಎಲೆಯ ಜೊತೆ ಬರುವ ಗಾಳಿ ಹೊರಗೆ ಹೋಗಬೇಕು. ಟಾರ್ಪಾಲನ್ನು ನಾಲ್ಕೂ ಕಡೆ ಬಿಗಿದರೆ ಗಾಳಿ ಹಿಂದಕ್ಕೆ ಒತ್ತಿ ಸೆಳೆತವೇ ನಿಲ್ಲುತ್ತದೆ. ಏನೂ ಹಾಕದಿದ್ದರೆ ಪುಡಿ ಎಲ್ಲವೂ ಚಾಲಕನ ಮುಖಕ್ಕೆ. ನರ್ಸರಿಗೆ ಬಳಸುವ ಹಸಿರು ಶೇಡ್ ನೆಟ್ ಅನ್ನು ಎರಡು ಪದರ ಮಾಡಿ, ಬಿದಿರಿನ ಕಮಾನಿನ ಮೇಲೆ ಹೊದೆಸಿದ್ದು ನಮಗೆ ಚೆನ್ನಾಗಿ ನಡೆಯಿತು. ಆದರೂ ಬಲೆಯ ಕಣ್ಣು ಧೂಳಿನಿಂದ ತುಂಬುತ್ತದೆ, ಗಂಟೆಗೊಮ್ಮೆ ಕೋಲಿನಿಂದ ಬಡಿಯಬೇಕು. ಫ್ಯಾನಿನಲ್ಲಿ ತುಂಡಾದ ಮೇಲೆ ಎಷ್ಟು ಟ್ರಾಲಿ ಸಡಿಲ ದರಕು ಕುಗ್ಗಿ ಒಂದು ಟ್ರಾಲಿಗೆ ಇಳಿಯುತ್ತದೆ ಎಂದು ಮಾರುವವರು ದೊಡ್ಡ ಸಂಖ್ಯೆ ಹೇಳುತ್ತಾರೆ. ಅದು ಎಲೆಯನ್ನು ಅವಲಂಬಿಸಿದ್ದು. ಅಕೇಶಿಯಾದ ಎಲೆ ಚೆನ್ನಾಗಿ ಕುಗ್ಗಿತು, ಹಲಸಿನದು ಅಷ್ಟು ಕುಗ್ಗಲಿಲ್ಲ. ಹಾಗೆ ತುಂಡಾದ ದರಕನ್ನು ಕೊಟ್ಟಿಗೆಗೆ ಹಾಸಿದಾಗ ಅದು ಗಂಜಳವನ್ನು ಚೆನ್ನಾಗಿ ಹೀರಿತು, ಗುಂಡಿಯಲ್ಲಿ ಬೇಗ ಕಳಿಯಿತು. ಆದರೆ ತೀರ ಪುಡಿಯಾದದ್ದನ್ನು ಹಾಸಿದ ರಾತ್ರಿ ದನ ಸೀನುತ್ತಿದ್ದುದನ್ನು ಮನೆಯವರು ಗಮನಿಸಿದರು. ಪುಡಿಯಾದದ್ದು ಗುಂಡಿಗೆ, ಉದ್ದ ಇರುವುದು ಕೊಟ್ಟಿಗೆಗೆ ಎಂದು ಬೇರೆ ಮಾಡುವುದು ಒಳಿತು. ಅಡಿಕೆ ಬುಡಕ್ಕೆ ಹಾಕುವಾಗ ದಪ್ಪವಾಗಿ ಒಂದೇ ಕಡೆ ಸುರಿದರೆ ಮೊದಲ ಮಳೆಗೆ ಅದು ರೊಟ್ಟಿಯ ಹಾಗೆ ಹೆಪ್ಪುಗಟ್ಟಿ ನೀರು ಇಳಿಯಲು ಬಿಡುವುದಿಲ್ಲ, ತೆಳುವಾಗಿ ಹರಡಬೇಕು. ರಸ್ತೆ ಬದಿಯ ದರಕನ್ನು ಎಳೆಯುವ ಮುನ್ನ ಗುಟ್ಕಾ ಚೀಟಿ, ಹಾಲಿನ ಕವರು, ಬಾಟಲಿ ಹೆಕ್ಕದಿದ್ದರೆ ಅವೆಲ್ಲ ಚೂರುಚೂರಾಗಿ ಗೊಬ್ಬರದ ಮೂಲಕ ತೋಟಕ್ಕೆ ಸೇರುತ್ತವೆ. ಒಮ್ಮೆ ಸೇರಿದರೆ ತೆಗೆಯುವವರು ಯಾರೂ ಇಲ್ಲ.

ಸುರಕ್ಷತೆಯ ಬಗ್ಗೆ ನಮ್ಮ ಜನಕ್ಕೆ ಕೈಮುಗಿದು ಹೇಳುತ್ತೇನೆ. 540 ಸುತ್ತು ಎಂದರೆ ಒಂದು ಸೆಕೆಂಡಿಗೆ 9 ಸುತ್ತು. ಹೆಗಲ ಮೇಲಿನ ಟವೆಲ್, ಲುಂಗಿಯ ತುದಿ, ಸೀರೆಯ ಸೆರಗು, ಬಿಚ್ಚಿದ ಕೂದಲು ಆ ಶಾಫ್ಟಿಗೆ ಸಿಕ್ಕರೆ ಕೈ ಹಿಂದಕ್ಕೆಳೆಯಲೂ ಸಮಯ ಇರುವುದಿಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದ ಯಂತ್ರವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬಾರದು. ಪೈಪು ಕಟ್ಟಿಕೊಂಡಾಗ ಪಿಟಿಒ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಕೈ ಜೇಬಿಗೆ ಹಾಕಿಕೊಂಡು, ಫ್ಯಾನು ಪೂರ್ತಿ ನಿಂತ ಮೇಲೆಯೇ ಕೈ ಹಾಕಬೇಕು; ಪಿಟಿಒ ಬಿಡಿಸಿದರೂ ಭಾರದ ಫ್ಯಾನು ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತಿರುಗುತ್ತಲೇ ಇರುತ್ತದೆ. ಇನ್ನು ಬೆಂಕಿ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ದರಕು ಎಷ್ಟು ಒಣಗಿರುತ್ತದೆ ಎಂದರೆ ಒಂದು ಬೀಡಿಯ ತುಂಡು ಗುಡ್ಡವನ್ನೇ ಸುಡುತ್ತದೆ. ಕಾದ ಸೈಲೆನ್ಸರಿನ ಮೇಲೆ ಕೂತ ಎಲೆಪುಡಿ, ಉಕ್ಕಿನ ಅಲಗಿಗೆ ತಾಗಿದ ಕಲ್ಲಿನ ಕಿಡಿ, ಇವೆರಡೂ ಸಾಕು. ಯಂತ್ರದ ಜೊತೆ ಎರಡು ಕೊಡ ನೀರು, ಹಸಿ ಗೋಣಿ ಇಲ್ಲದೆ ಕೆಲಸ ಶುರುಮಾಡಬಾರದು. ತುಂಬಿದ ಟ್ರಾಲಿಯನ್ನು ಸಂಜೆ ಕೊಟ್ಟಿಗೆಯ ಮಾಡಿಗೆ ತಾಗಿಸಿ ನಿಲ್ಲಿಸಲೂಬಾರದು. ಕಿವಿಗೆ, ಮೂಗಿಗೆ ರಕ್ಷಣೆ ಇಲ್ಲದೆ ದಿನವಿಡೀ ಕೂಲಿಯವರನ್ನು ಅದರ ಬಳಿ ನಿಲ್ಲಿಸುವುದು ಅನ್ಯಾಯ.

ಇಷ್ಟೆಲ್ಲ ನೋಡಿದ ಮೇಲೆ ಯಂತ್ರ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದು ನನಗೆ ಸ್ಪಷ್ಟವಾಗಿದೆ. ಮನೆಯ ಅಂಗಳ, ಅಡಿಕೆ ಹರಡುವ ಕಣ, ಗೇರು ಮತ್ತು ಅಕೇಶಿಯಾ ನೆಡುತೋಪಿನ ಸಮತಟ್ಟಾದ ಅಂಚು, ಟ್ರ್ಯಾಕ್ಟರು ಈಗಾಗಲೇ ಓಡಾಡುವ ದಾರಿಯ ಎರಡೂ ಬದಿ, ಇಲ್ಲಿ ಅದು ಖಂಡಿತ ಉಪಯುಕ್ತ. ಬಸಿಗಾಲುವೆಗಳಿರುವ ಹಳೆಯ ತೋಟದೊಳಗೆ ಟ್ರ್ಯಾಕ್ಟರು ಇಳಿಯುವುದೇ ಇಲ್ಲ. ಇಳಿಸಲು ಹೋದರೆ ಮೇಲ್ಮಟ್ಟದಲ್ಲೇ ಇರುವ ಅಡಿಕೆ ಬೇರಿನ ಮೇಲೆ ಗಾಲಿ ಹತ್ತುತ್ತದೆ. ಇಳಿಜಾರಿನ ಬೆಟ್ಟಕ್ಕೆ ಬೆನ್ನಿಗೆ ಹಾಕಿಕೊಳ್ಳುವ ಬ್ಲೋವರೇ ಮೇಲು. ಅರಣ್ಯ ಇಲಾಖೆಯವರು ಬೆಂಕಿ ರೇಖೆ (ಬೆಂಕಿ ದಾಟದಂತೆ ಎಲೆ ತೆಗೆದ ಪಟ್ಟಿ) ಬಿಡಿಸಲು ಬಳಸುವುದೂ ಅದನ್ನೇ. ಬ್ಲೋವರಿನಿಂದ ದರಕನ್ನು ಮೇಲಿನಿಂದ ಕೆಳಕ್ಕೆ ಊದಿ ದಾರಿಯ ಅಂಚಿನಲ್ಲಿ ಉದ್ದನೆಯ ಸಾಲು ಮಾಡಿ, ಅಲ್ಲಿಂದ ಟ್ರ್ಯಾಕ್ಟರಿನ ಯಂತ್ರ ಎಳೆದುಕೊಂಡರೆ ಎರಡೂ ಯಂತ್ರಗಳ ಗುಣ ಸಿಗುತ್ತದೆ. ಕೊನೆಯ ದಿನ ಹೀಗೆ ಮಾಡಿದಾಗ ಮೂರು ಜನರ ಕೈಯಲ್ಲಿ ಮಧ್ಯಾಹ್ನದೊಳಗೆ ಮೂರು ಟ್ರಾಲಿ ತುಂಬಿತು. ಮೊದಲ ದಿನ ಇಡೀ ದಿನಕ್ಕೆ ಒಂದೂವರೆಯಾಗಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೈಯಲ್ಲಿ ಗುಡಿಸುವಾಗ ಮನುಷ್ಯನ ಆಯಾಸವೇ ಒಂದು ಮಿತಿಯಾಗಿತ್ತು, ಬೆಟ್ಟದಲ್ಲಿ ಅಷ್ಟಿಷ್ಟು ದರಕು ಉಳಿದುಕೊಳ್ಳುತ್ತಿತ್ತು. ಯಂತ್ರಕ್ಕೆ ಆಯಾಸವಿಲ್ಲ. ಅದು ಎಲೆಯ ಜೊತೆಗೆ ಅಡಿಯ ಕಪ್ಪುಮಣ್ಣನ್ನು, ಎರೆಹುಳುವಿನ ಮೊಟ್ಟೆಯನ್ನು, ಅದೇ ಕಾಲಕ್ಕೆ ಉದುರುವ ಮತ್ತಿ, ಹೊನ್ನೆಯ ರೆಕ್ಕೆಬೀಜವನ್ನು ಕೂಡ ಎಳೆದುಕೊಳ್ಳುತ್ತದೆ. ನಮ್ಮ ಟ್ರಾಲಿಯ ತಳದಲ್ಲಿ ಸೋಸಿದಾಗ ಸಿಕ್ಕ ಹೊನ್ನೆಯ ಬಿಲ್ಲೆಗಳು ಒಂದು ಬೊಗಸೆಗೆ ಮೀರಿದ್ದವು, ಅವನ್ನು ಮತ್ತೆ ಬೆಟ್ಟಕ್ಕೆ ಒಯ್ದು ಚೆಲ್ಲಿ ಬಂದೆ. ಬರಿದಾದ ಜಂಬಿಟ್ಟಿಗೆ ನೆಲದ ಮೇಲೆ ಜೂನಿನ ಮಳೆ ಹೊಡೆದರೆ ನೀರು ಇಂಗದೆ ಹರಿಯುತ್ತದೆ, ಆ ಬೆಟ್ಟದ ಅಡಿಯ ಕೆರೆ ಬಾವಿಗಳು ಮಾರ್ಚಿಗೇ ಬತ್ತುತ್ತವೆ. ಯಂತ್ರ ಬಳಸುವವರು ಒಂದು ವರ್ಷ ತೆಗೆದ ಜಾಗವನ್ನು ಮರುವರ್ಷ ಬಿಡಬೇಕು, ಕಡಿದಾದ ಇಳಿಜಾರನ್ನೂ ಹಳ್ಳದ ಅಂಚನ್ನೂ ಮುಟ್ಟಲೇಬಾರದು ಎಂಬ ಕಟ್ಟುಪಾಡನ್ನು ಊರಿನವರೇ ಸೇರಿ ಮಾಡಿಕೊಳ್ಳಬೇಕು. ಅಲ್ಲದೆ ಬೆಟ್ಟ ನಮಗಿರುವುದು ಸವಲತ್ತಾಗಿ. ಟ್ರ್ಯಾಕ್ಟರು ಹೋಗಲಿ ಎಂದು ಅರಣ್ಯ ಇಲಾಖೆಯನ್ನು ಕೇಳದೆ ಅಲ್ಲಿ ದಾರಿ ಕಡಿಯುವುದು ಮುಂದೆ ಎಲ್ಲರ ಸವಲತ್ತಿಗೂ ಕುತ್ತು ತರುತ್ತದೆ.

ಇನ್ನು ಕೊಳ್ಳುವ ಪ್ರಶ್ನೆ. ದರಕಿನ ಕೆಲಸ ವರ್ಷಕ್ಕೆ ಹೆಚ್ಚೆಂದರೆ ಎಂಟು ಹತ್ತು ವಾರ. ಎರಡು ಮೂರು ಎಕರೆ ತೋಟದವರು ಇದಕ್ಕೆಂದೇ ಸಾಲ ಮಾಡಿ ಯಂತ್ರ ತಂದು, ಉಳಿದ ಹತ್ತು ತಿಂಗಳು ಅದನ್ನು ಸೋಗೆಯ ಕೆಳಗೆ ತುಕ್ಕು ಹಿಡಿಯಲು ಬಿಡುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ರಾಜ್ಯದಲ್ಲಿ 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳು ನಡೆಯುತ್ತಿವೆ. ಬಯಲುಸೀಮೆಯ ರೈತರಿಗೆ ಬೇಕಾದ ರೋಟವೇಟರು, ಬಿತ್ತನೆ ಕೂರಿಗೆ, ಒಕ್ಕಣೆ ಯಂತ್ರ ಅಲ್ಲಿ ಸಿಗುವಂತೆ ಮಲೆನಾಡಿನ ಕೇಂದ್ರಗಳಲ್ಲಿ ಬ್ಲೋವರು, ದರಕು ಎಳೆಯುವ ಯಂತ್ರ ಬಾಡಿಗೆಗೆ ಸಿಗಬೇಕು. ನಮ್ಮ ಪ್ರಾಥಮಿಕ ಸಹಕಾರಿ ಸಂಘಗಳು ಮನಸ್ಸು ಮಾಡಿದರೆ ನಾಲ್ಕೈದು ಊರಿಗೆ ಒಂದರಂತೆ ಯಂತ್ರವನ್ನೂ ಅದನ್ನು ಬಲ್ಲ ಇಬ್ಬರು ಯುವಕರನ್ನೂ ಇಡಬಹುದು. ನೆಲದಲ್ಲೇ ನಿಂತು ಅಡಿಕೆ ಕೊನೆ ಕೊಯ್ಯುವ ಫೈಬರ್ ದೋಟಿ ಬಂದ ಹೊಸದರಲ್ಲಿ ಅದನ್ನು ನಂಬದಿದ್ದ ನಾವು, ತರಬೇತಿ ಶಿಬಿರಗಳಲ್ಲಿ ಕೈಯಾರೆ ಹಿಡಿದು ನೋಡಿದ ಮೇಲೆಯೇ ಒಪ್ಪಿಕೊಂಡದ್ದು. ಇದಕ್ಕೂ ಅದೇ ದಾರಿ.

ಕೇಂದ್ರದ ಕೃಷಿ ಯಂತ್ರೋಪಕರಣ ಪರೀಕ್ಷಾ ಸಂಸ್ಥೆಗಳು ಮಧ್ಯಪ್ರದೇಶದ ಬುದ್ನಿಯಲ್ಲೂ ನಮಗೆ ಹತ್ತಿರದ ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲೂ ಇವೆ. ಅಲ್ಲಿಯ ಪರೀಕ್ಷೆ ಯಂತ್ರದ ಗಟ್ಟಿತನವನ್ನು ಹೇಳಬಲ್ಲದು, ಸಾಗುವಾನಿಯ ಎಲೆಯನ್ನೂ ಜಂಬಿಟ್ಟಿಗೆ ಕಲ್ಲನ್ನೂ ಅಲ್ಲಿ ಹೇಗೆ ತರುವುದು? ಆ ಕೆಲಸವನ್ನು ಇರುವಕ್ಕಿಯ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಕೈಗೆತ್ತಿಕೊಳ್ಳಬೇಕು. ಅದು ನಮ್ಮ ನೆಲದಲ್ಲೇ ಇರುವ ವಿಶ್ವವಿದ್ಯಾಲಯ. ಮಾರುಕಟ್ಟೆಯಲ್ಲಿರುವ ಯಂತ್ರಗಳನ್ನು ಒಂದೇ ಜಾಗದಲ್ಲಿ, ಒಂದೇ ಟ್ರ್ಯಾಕ್ಟರಿಗೆ ಕಟ್ಟಿ, ಇಬ್ಬನಿಯ ಬೆಳಗು ಮತ್ತು ಬಿಸಿಲಿನ ಮಧ್ಯಾಹ್ನ ಎರಡರಲ್ಲೂ ಓಡಿಸಿ, ಗಂಟೆಗೆ ಎಷ್ಟು ಡೀಸೆಲು, ಎಷ್ಟು ದರಕು, ಎಷ್ಟು ಸಲ ಪೈಪು ಕಟ್ಟಿತು, ಟ್ರಾಲಿಗೆ ಎಷ್ಟು ಮಣ್ಣು ಕಲ್ಲು ಬಂತು ಎಂಬುದನ್ನು ಕನ್ನಡದಲ್ಲಿ ಬರೆದು ರೈತರಿಗೆ ಹಂಚಬೇಕು. ಉಣುಗಿನ ವಿಷಯದಲ್ಲಿ ಆರೋಗ್ಯ ಇಲಾಖೆಯವರನ್ನೂ ಅದೇ ಹೊತ್ತಿಗೆ ಜೊತೆಗೆ ಕರೆದುಕೊಂಡು, ಯಂತ್ರದಿಂದ ಬಂದ ದರಕಿನಲ್ಲಿ ಉಣುಗು ಉಳಿಯುತ್ತದೆಯೋ ಸಾಯುತ್ತದೆಯೋ ಎಂದು ನೋಡಿ ಹೇಳಬೇಕು. ಆ ವರದಿ ಬಂದ ಮೇಲೆಯೇ ಯಾವ ಬಗೆಯ ಯಂತ್ರಕ್ಕೆ ಅನುದಾನ ಕೊಡಬೇಕು ಎಂದು ಇಲಾಖೆ ತೀರ್ಮಾನಿಸಲಿ.

ಮತ್ತಿ ಮರಗಳು ಎಲೆ ಕೆಂಪು ಮಾಡಿಕೊಳ್ಳಲು ಇನ್ನು ಹೆಚ್ಚು ದಿನವಿಲ್ಲ. ವಿಶ್ವವಿದ್ಯಾಲಯದವರೋ ಸಹಕಾರಿ ಸಂಘದವರೋ ಈ ಬೇಸಿಗೆಯಲ್ಲೇ ಪ್ರಾತ್ಯಕ್ಷಿಕೆ ಇಟ್ಟುಕೊಳ್ಳುವುದಾದರೆ ನಮ್ಮ ಮನೆಯ ಅಂಗಳ, ಗೇರುತೋಪು, 24 ಅಶ್ವಶಕ್ತಿಯ ಟ್ರ್ಯಾಕ್ಟರು ಮತ್ತು ಟ್ರಾಲಿಯನ್ನು ಬಿಟ್ಟುಕೊಡಲು ನಾನು ಸಿದ್ಧನಿದ್ದೇನೆ. ಬಂದವರಿಗೆ ಮಧ್ಯಾಹ್ನದ ಊಟದ ವ್ಯವಸ್ಥೆಯನ್ನೂ ಮನೆಯವರು ಒಪ್ಪಿಕೊಂಡಿದ್ದಾರೆ. ಬೆಳಗ್ಗೆ ಎಂಟಕ್ಕೇ, ಇಬ್ಬನಿ ಆರುವ ಮುಂಚೆ, ಬರಬೇಕೆಂದು ಮಾತ್ರ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ
ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ